ಮುದ್ದೆ ಅಗಿಯಲು ಕಲಿತ ಮೂರು ತಿಂಗಳು

ಮಂಡ್ಯದಲ್ಲಿ ಹುಟ್ಟಿ ಬೆಳೆದ ನನಗೆ ರಾಗಿಮುದ್ದೆಯನ್ನು ಅಗಿದು ಗೊತ್ತಿರಲಿಲ್ಲ. ಸಾರಿನಲ್ಲಿ ಹೊರಳಿಸಿ ನುಂಗುವುದೊಂದೇ ಗೊತ್ತಿತ್ತು. ತೂಕ ಇಳಿಸುವ ಶಸ್ತ್ರಚಿಕಿತ್ಸೆ ನನಗೆ ತಕ್ಕುದೇ ಎಂಬ ಪ್ರಶ್ನೆ ಕಡೆಗೆ ಬಂದು ನಿಂತದ್ದು ಈ ಅಭ್ಯಾಸದ ಮೇಲೆಯೇ.

ಆಗ ನನ್ನ ಎತ್ತರ 162 ಸೆಂಟಿಮೀಟರ್, ತೂಕ 104 ಕೆ.ಜಿ.; ಅಂದರೆ ಎತ್ತರಕ್ಕೆ ತಕ್ಕ ತೂಕವನ್ನು ಅಳೆಯುವ ಸೂಚ್ಯಂಕವಾದ ಬಿಎಂಐ 39.6. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿಯು ಬಿಎಂಐ 35 ಅಥವಾ ಅದಕ್ಕಿಂತ ಹೆಚ್ಚಿರುವವರಿಗೆ ಈ ಶಸ್ತ್ರಚಿಕಿತ್ಸೆಯನ್ನು ಶಿಫಾರಸು ಮಾಡುತ್ತದೆ. ಏಷ್ಯಾದವರಿಗೆ ಆ ಮಿತಿಯನ್ನು 27.5ಕ್ಕೆ ಇಳಿಸುತ್ತದೆ. ಜೊತೆಗೆ ನನಗೆ ಎಂಟು ವರ್ಷದ ಸಕ್ಕರೆ ಕಾಯಿಲೆಯಿತ್ತು, ನಿದ್ದೆಯಲ್ಲಿ ಉಸಿರು ಕಟ್ಟುತ್ತಿತ್ತು.

ಮೈಸೂರಿನಲ್ಲಿ ಮೊದಲು ಹೋದ ಆಸ್ಪತ್ರೆಯವರು ಹದಿನೈದು ನಿಮಿಷದ ಮಾತಿನಲ್ಲೇ ದಿನ ಗೊತ್ತುಮಾಡಲು ಹೊರಟರು. ನನ್ನ ಎದೆಯುರಿಯ ಬಗ್ಗೆ ಯಾರೂ ಕೇಳಲಿಲ್ಲ, ಮತ್ತು ಅದು ಸಣ್ಣ ಲೋಪವಲ್ಲ. ಎರಡನೆಯ ವೈದ್ಯರು ಎಂಡೋಸ್ಕೋಪಿ (ಕ್ಯಾಮೆರಾ ಕೊಳವೆಯಿಂದ ಜಠರದ ಒಳಗನ್ನು ನೋಡುವ ಪರೀಕ್ಷೆ) ಮಾಡಿಸಿ, ಕುಳಿತು ವಿವರಿಸಿದರು: ಸ್ಲೀವ್ ವಿಧಾನದಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ, ಅದನ್ನು ಮತ್ತೆ ಸೇರಿಸಲಾಗದು, ಹುಳಿತೇಗು ಇರುವವರಿಗೆ ಅದು ಹೆಚ್ಚುವ ಸಂಭವವೂ ಉಂಟು; ಬೈಪಾಸ್‌ನಲ್ಲಿ ಜಠರದ ಮೇಲ್ಭಾಗವನ್ನು ಪುಟ್ಟ ಚೀಲವಾಗಿಸಿ ಸಣ್ಣಕರುಳಿಗೆ ಜೋಡಿಸುವುದರಿಂದ ಎದೆಯುರಿಯೂ ಸಕ್ಕರೆಯೂ ತಗ್ಗುವ ಸಾಧ್ಯತೆ ಹೆಚ್ಚು, ಆದರೆ ಬಿ12, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳೂ ರಕ್ತಪರೀಕ್ಷೆಯೂ ಬದುಕಿರುವವರೆಗೆ ತಪ್ಪುವುದಿಲ್ಲ. ಆಲೆಮನೆಯ ಬಿಸಿಬೆಲ್ಲವನ್ನು ಮೊದಲಿನಂತೆ ತಿಂದರೆ ಬೆವರು, ತಲೆಸುತ್ತು, ಭೇದಿ ಬರಬಹುದೆಂದೂ ಹೇಳಿದರು.

ಒಪ್ಪಿಗೆ ಕೊಡುವ ಮೊದಲು ಮೂರು ತಿಂಗಳು ಶಸ್ತ್ರಚಿಕಿತ್ಸೆಯ ನಂತರದ ಬದುಕನ್ನೇ ಬದುಕಿ ನೋಡಲು ನಿರ್ಧರಿಸಿದೆ. ಪ್ರತಿ ತುತ್ತನ್ನೂ ನುಣ್ಣಗಾಗುವವರೆಗೆ ಅಗಿಯಬೇಕು, ಊಟದ ನಡುವೆ ನೀರು ಕುಡಿಯಬಾರದು, ಮೊಟ್ಟೆ ಅಥವಾ ಕಾಳು ಮೊದಲು, ಮುದ್ದೆ ಆಮೇಲೆ. ಅಗಿದ ಮುದ್ದೆ ಹಲ್ಲಿಗೂ ಅಂಗುಳಕ್ಕೂ ಮೆತ್ತಿಕೊಂಡು, ನೀರಿಲ್ಲದೆ ಒಳಗೆ ಇಳಿಯುತ್ತಿರಲಿಲ್ಲ. ಎದುರಿಗೆ ಕೂತ ಅವ್ವ, "ಮುದ್ದೇನ ಯಾರಾದ್ರೂ ಅಗೀತಾರೇನಪ್ಪ?" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಅವಳಿಗೆ ನನ್ನ ಎಂಡೋಸ್ಕೋಪಿಯ ಚಿತ್ರಗಳನ್ನು ತೋರಿಸಿ ಎಲ್ಲವನ್ನೂ ತಿಳಿಸಿ ಹೇಳಿದೆ; ಮರುದಿನದಿಂದ ನಿಂಬೆಹಣ್ಣಿನ ಗಾತ್ರದ ಮುದ್ದೆ ಕಟ್ಟತೊಡಗಿದಳು. ಮನೆಯವರ ಈ ಒಪ್ಪಿಗೆಯಿಲ್ಲದೆ ನಾನು ಮುಂದುವರಿಯುತ್ತಿರಲಿಲ್ಲ.

ಮೂರನೆಯ ತಿಂಗಳು ತಂಗಿಯ ಮನೆಯಲ್ಲಿ ಬೀಗರ ಊಟವಿತ್ತು. ಬಡಿಸುವವರಿಗೆ ಕೈ ಅಡ್ಡ ಹಿಡಿಯುತ್ತ, ಎರಡು ತುಂಡು ಮಾಂಸವನ್ನು ನಿಧಾನವಾಗಿ ಅಗಿಯುತ್ತಿರುವಾಗಲೇ ಪಂಕ್ತಿ ಎದ್ದಿತು. ಎಲೆಯಲ್ಲಿ ಅರ್ಧ ಊಟ ಉಳಿದಿತ್ತು, ಆದರೂ ನನಗೆ ಹಸಿವಿರಲಿಲ್ಲ. ಮಾರನೆಯ ದಿನ ವೈದ್ಯರಿಗೆ ಫೋನ್ ಮಾಡಿ ಬೈಪಾಸ್‌ಗೆ ಒಪ್ಪಿಗೆ ತಿಳಿಸಿದೆ. ಶಸ್ತ್ರಚಿಕಿತ್ಸೆಗೆ ಮೊದಲು ಯಕೃತ್ತು ಕುಗ್ಗಲೆಂದು ಅವರು ಹೇಳಿದ ಎರಡು ವಾರಗಳ ದ್ರವಾಹಾರವನ್ನು ಆ ಸೋಮವಾರವೇ ಆರಂಭಿಸಿದೆ.