ಮನೆಯ ಮಾದರಿ ರೈಲಿಗೆ ಸ್ಕೇಲ್ ಆರಿಸುವುದು ಹೇಗೆ?

ಎಂಜಿನ್ ಕೊಳ್ಳುವ ಮುನ್ನ ಕೋಣೆಯನ್ನು ಅಳೆಯಿರಿ. ಸ್ಕೇಲ್ ಎಂದರೆ ನಿಜವಾದ ರೈಲನ್ನು ಎಷ್ಟು ಪಟ್ಟು ಕುಗ್ಗಿಸಲಾಗಿದೆ ಎಂಬ ಲೆಕ್ಕ. ಗೇಜ್ ಎಂದರೆ ಎರಡು ಹಳಿಗಳ ನಡುವಿನ ಅಂತರ. ಇವೆರಡನ್ನೂ ಒಂದೇ ಎಂದು ಭಾವಿಸಿದರೆ ಖರೀದಿಯಲ್ಲಿ ತಪ್ಪಾಗುತ್ತದೆ: ಬ್ರಿಟನ್ನಿನ ಓಓ ಎಂಬ ಸ್ಕೇಲ್‌ನ ಮಾದರಿಗಳು 1:76ರ ಅಳತೆಯವು (ನಿಜವಾದ ರೈಲಿನ 76ನೇ ಒಂದು ಭಾಗ), ಎಚ್‌ಓ ಸ್ಕೇಲ್‌ನ ಮಾದರಿಗಳು 1:87ರವು, ಆದರೆ ಎರಡೂ ಓಡುವುದು 16.5 ಮಿ.ಮೀ. ಹಳಿಯ ಮೇಲೆಯೇ.

ಭಾರತೀಯ ರೈಲ್ವೆಯ ಸುಮಾರು 24 ಮೀಟರ್ ಉದ್ದದ ಎಲ್‌ಎಚ್‌ಬಿ ಮಾದರಿಯ ಪ್ರಯಾಣಿಕ ಬೋಗಿ ಎಚ್‌ಓದಲ್ಲಿ 28 ಸೆಂ.ಮೀ.ನಷ್ಟಾದರೆ, 1:160ರ ಎನ್ ಸ್ಕೇಲ್‌ನಲ್ಲಿ 15 ಸೆಂ.ಮೀ.ಗೆ ಇಳಿಯುತ್ತದೆ. ಇಂತಹ ಉದ್ದನೆಯ ಬೋಗಿಗಳು ಕಡಿದಾದ ತಿರುವಿನಲ್ಲಿ ಹಳಿಯಿಂದ ಆಚೆಗೆ ಚಾಚಿಕೊಳ್ಳುವುದರಿಂದ, ಎಚ್‌ಓದಲ್ಲಿ ತಿರುವಿಗೆ 24 ಇಂಚಿನ ತ್ರಿಜ್ಯವಾದರೂ ಇರಬೇಕೆಂದು ನನ್ನ ಅಭಿಪ್ರಾಯ. ಅಂದರೆ ಅಂಚು ಸೇರಿ ಹಲಗೆಯ ಅಗಲ ನಾಲ್ಕೂವರೆ ಅಡಿಯಾಗುತ್ತದೆ. ಎನ್ ಸ್ಕೇಲ್‌ಗೆ ಎರಡೂವರೆ ಅಡಿ ಅಗಲದ ಬಾಗಿಲ ಹಲಗೆಯೇ ಸಾಕು.

ಭಾರತೀಯ ರೈಲನ್ನೇ ಕಟ್ಟಬಯಸುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಇರುವುದರಿಂದ ಎಚ್‌ಓದಲ್ಲಿ ಅದು 19 ಮಿ.ಮೀ. ದಾಟಬೇಕು, 16.5 ಮಿ.ಮೀ. ಹಳಿ 1435 ಮಿ.ಮೀ.ನ ಸ್ಟ್ಯಾಂಡರ್ಡ್ ಗೇಜ್‌ಗೆ ಹೊಂದುವಂಥದ್ದು. ಸಿದ್ಧ ಹಳಿ ಸುಲಭವಾಗಿ ಸಿಗುವುದರಿಂದ ಈ ವ್ಯತ್ಯಾಸವನ್ನು ಒಪ್ಪಿಕೊಳ್ಳುವುದೇ ಮೇಲು.

ಚಿಕ್ಕ ಮಕ್ಕಳೂ ಕೈಹಾಕುವ ಮನೆಯಾದರೆ ಎನ್ ಸ್ಕೇಲ್ ಬೇಡ, 9 ಮಿ.ಮೀ. ಹಳಿಯ ಮೇಲೆ ಅಷ್ಟು ಸಣ್ಣ ಗಾಲಿಗಳನ್ನು ಕೂರಿಸುವುದು ಅವರಿಗೆ ಕಷ್ಟ.