ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಮೊದಲು ಆ ಒಂದು ಅಕ್ಷರ ನೋಡಿ

ಕಲಬುರಗಿಯ ಸೇಡಂ ರಸ್ತೆ ಕಡೆಯ ನಮ್ಮ ಕಾಲೊನಿಯಲ್ಲಿ ಯಾರ ಮನೆಯ ಕಂಪ್ಯೂಟರ್ ಕೈಕೊಟ್ಟರೂ ನನಗೆ ಕರೆ ಬರುತ್ತದೆ. ನಾನು ಮೆಕ್ಯಾನಿಕ್ ಅಲ್ಲ. ಬ್ಯಾಂಕಿನಲ್ಲಿ ಕ್ಲರ್ಕ್ ಆಗಿ ನಿವೃತ್ತನಾದವನು. ಸ್ಕ್ರೂಡ್ರೈವರ್ ಹಿಡಿಯುವ ಚಟ ಮಾತ್ರ ಬಿಟ್ಟಿಲ್ಲ. ಕೂಲಿ ಅಂದರೆ ಒಂದು ಕಪ್ ಚಹಾ, ಸಂಜೆಯಾಗಿದ್ದರೆ ಜೊತೆಗೆ ಒಂದು ಪ್ಲೇಟ್ ಸುಸಲಾ.

ಹೋದ ವಾರ ಹಿಂದಿನ ಓಣಿಯ ಹುಡುಗಿ ಬಂದಿದ್ದಳು. ಬಿ.ಕಾಂ. ಓದುತ್ತಾಳೆ.

"ಕಾಕಾ, ಕಂಪ್ಯೂಟರ್ ಭಾಳ ಸ್ಲೋ ಆಗ್ಯದ. ಗ್ರಾಫಿಕ್ಸ್ ಕಾರ್ಡ್ ಹಾಕಿಸ್ರಿ ಅಂತ ಅಂಗಡ್ಯಾಗ ಹೇಳ್ಯಾರ. ಹಾಕಿಸ್ಬೇಕೇನ್ರಿ?"

"ಗೇಮ್ ಆಡ್ತಿ ಏನು?"

"ಇಲ್ರಿ. ಟ್ಯಾಲಿ, ಎಕ್ಸೆಲ್, ಯೂಟ್ಯೂಬ್. ಅಪ್ಪ ಕ್ರಿಕೆಟ್ ನೋಡ್ತಾರ."

"ಹಂಗಾದ್ರ ರೊಕ್ಕ ಇಟ್ಕೋ. ಮೊದಲ ನೋಡೋಣ."

ಅವಳ ಮನೆಯಲ್ಲಿ ನೋಡಿದ್ದನ್ನೇ ಇಲ್ಲಿ ಹೇಳುತ್ತೇನೆ. ನೀವೂ ಮಾಡಿ ನೋಡಬಹುದು, ಸ್ಕ್ರೂ ಬಿಚ್ಚುವ ಕೆಲಸ ಇಲ್ಲ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್, ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಅಂತ ಇದೆ, ಅಲ್ಲಿ ಹೋಗಿ. ಎಡಗಡೆ ಸಿಪಿಯು, ಮೆಮೊರಿ, ಡಿಸ್ಕ್, ಜಿಪಿಯು ಅಂತ ಸಾಲಾಗಿ ಕಾಣುತ್ತವೆ. ಜಿಪಿಯು ಅಂದರೆ ಪರದೆಗೆ ಚಿತ್ರ ಮೂಡಿಸುವ ಭಾಗ. ಅದರ ಮೇಲೆ ಒತ್ತಿದರೆ ಬಲಗಡೆ ಅದರ ಹೆಸರು ಬರುತ್ತದೆ. 'ಇಂಟೆಲ್ ಯುಎಚ್‌ಡಿ' ಅಂತಲೋ 'ರೇಡಿಯಾನ್ ಗ್ರಾಫಿಕ್ಸ್' ಅಂತಲೋ ಇದ್ದರೆ ಚಿತ್ರ ತೋರಿಸುವ ಕೆಲಸವನ್ನು ಪ್ರೊಸೆಸರೇ ಮಾಡುತ್ತಿದೆ ಅಂತ ತಿಳಿಯಿರಿ. ಹಿಂದೆ ಈ ಕೆಲಸಕ್ಕೆ ಮದರ್‌ಬೋರ್ಡ್ ಮೇಲೆ ಬೇರೆ ಚಿಪ್ ಇರುತ್ತಿತ್ತು. 2011ರಲ್ಲಿ ಬಂದ ಇಂಟೆಲ್‌ನ ಎರಡನೇ ಪೀಳಿಗೆಯ ಕೋರ್ ಪ್ರೊಸೆಸರ್‌ನಿಂದ ಅದು ಪ್ರೊಸೆಸರ್ ಚಿಪ್ಪಿನೊಳಗೇ ಸೇರಿತು.

ಈಗ ಆ ಕಿಟಕಿಯನ್ನು ತೆರೆದೇ ಇಟ್ಟು ನಿಮ್ಮ ದಿನದ ಕೆಲಸ ಮಾಡಿ. ನಾಲ್ಕು ಟ್ಯಾಬ್ ತೆರೆಯಿರಿ, ಒಂದು ವಿಡಿಯೊ ಹಾಕಿ, ಟ್ಯಾಲಿ ಶುರು ಮಾಡಿ. ಯಾವ ಗೆರೆ ಮೇಲಕ್ಕೆ ಏರಿ ಅಲ್ಲೇ ಕೂರುತ್ತದೆ ನೋಡಿ. ಆ ಹುಡುಗಿಯ ಕಂಪ್ಯೂಟರಿನಲ್ಲಿ ಡಿಸ್ಕ್ 100ಕ್ಕೆ ಅಂಟಿಕೊಂಡಿತ್ತು, ಮೆಮೊರಿ, ಅಂದರೆ ರ‍್ಯಾಮ್, 90ರ ಮೇಲಿತ್ತು. ಜಿಪಿಯು ಪಾಪ 8, 10 ಅಂತ ಆಡುತ್ತಿತ್ತು. ಹಸಿದ ಎತ್ತಿಗೆ ಮೇವು ಹಾಕುವುದು ಬಿಟ್ಟು ಕೊಂಬಿಗೆ ಬಣ್ಣ ಹಚ್ಚಿದರೆ ನೇಗಿಲು ಎಳೆಯುತ್ತದಾ? ಅವಳದ್ದು ಹಳೇ ಹಾರ್ಡ್‌ಡಿಸ್ಕ್, 4 ಜಿಬಿ ರ‍್ಯಾಮ್. ಹಾರ್ಡ್‌ಡಿಸ್ಕ್ ಬದಲು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ 8 ಮಾಡಿಸು ಅಂದೆ.

ರ‍್ಯಾಮ್ ಬಗ್ಗೆ ಒಂದು ಮಾತು. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇರುವುದಿಲ್ಲ, ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಅದಕ್ಕೇ 8 ಜಿಬಿಯದು ಒಂದೇ ಪಟ್ಟಿ ಹಾಕುವ ಬದಲು 4ರ ಎರಡು ಹಾಕಿದರೆ, ಅಥವಾ 16 ಬೇಕಿದ್ದರೆ 8ರ ಎರಡು ಹಾಕಿದರೆ, ಎರಡು ದಾರಿಯಲ್ಲಿ ಮಾಹಿತಿ ಓಡಾಡುತ್ತದೆ. ಗ್ರಾಫಿಕ್ಸ್‌ಗೆ ಇದರಿಂದ ಆಗುವ ಲಾಭ ಸಣ್ಣದಲ್ಲ.

ಜಿಪಿಯು ಹೆಸರಿನ ಜಾಗದಲ್ಲಿ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಅಂತ ಇದ್ದರೆ, ಅಥವಾ ಜಿಪಿಯು ಸಾಲೇ ಇಲ್ಲದಿದ್ದರೆ ಡಿವೈಸ್ ಮ್ಯಾನೇಜರಿನ ಡಿಸ್‌ಪ್ಲೇ ಅಡಾಪ್ಟರ್ಸ್ ಕೆಳಗೆ ಈ ಹೆಸರು ಕಂಡರೆ, ಡ್ರೈವರ್, ಅಂದರೆ ಗ್ರಾಫಿಕ್ಸ್ ನಡೆಸುವ ಸಾಫ್ಟ್‌ವೇರ್, ಕೂತಿಲ್ಲ ಅಂತ ಅರ್ಥ. ವಿಂಡೋಸ್ ಹೊಸದಾಗಿ ಹಾಕಿಸಿದ ಮೇಲೆ ಹೀಗಾಗುವುದುಂಟು. ಅಕ್ಷರ ದಪ್ಪಗೆ ಕಾಣುತ್ತವೆ, ವಿಡಿಯೊ ತಡವರಿಸುತ್ತದೆ, ನಾವು ಕಾರ್ಡ್ ಹೋಗಿದೆ ಅಂದುಕೊಳ್ಳುತ್ತೇವೆ. ಇಂಟೆಲ್ ಅಥವಾ ಎಎಂಡಿ, ನಿಮ್ಮ ಪ್ರೊಸೆಸರ್ ಯಾವ ಕಂಪನಿಯದೋ ಅದರ ಸೈಟಿನಿಂದ ಡ್ರೈವರ್ ಇಳಿಸಿಕೊಳ್ಳಿ. ಖರ್ಚು ಸೊನ್ನೆ.

ಇನ್ನು ಆ ಅಕ್ಷರದ ಕಥೆ. ಇದರಲ್ಲಿ ನಾನೇ ಏಟು ತಿಂದಿದ್ದೇನೆ.

2021ರಲ್ಲಿ ಮನೆಗೆ ಹೊಸ ಕಂಪ್ಯೂಟರ್ ಜೋಡಿಸಬೇಕು ಅಂತ ಸಾಮಾನು ತರಿಸಿದೆ. ಪ್ರೊಸೆಸರ್ ಇಂಟೆಲ್‌ನ ಐ5-10400 ಅಂತ ಬರೆದುಕೊಂಡಿದ್ದೆ. ಅದೇ ಹೆಸರಿನ ಕೊನೆಗೆ 'ಎಫ್' ಇರುವುದು ಸ್ವಲ್ಪ ಅಗ್ಗಕ್ಕೆ ಸಿಕ್ಕಿತು. ಉಳಿತಾಯ ಆಯ್ತು ಅಂತ ಖುಷಿಯಾದೆ. ಭಾನುವಾರ ಬೆಳಿಗ್ಗೆ ಎಲ್ಲ ಜೋಡಿಸಿ ಬಟನ್ ಒತ್ತಿದೆ. ಫ್ಯಾನ್ ತಿರುಗಿತು, ಪರದೆ ಕಪ್ಪು. ರ‍್ಯಾಮ್ ತೆಗೆದು ರಬ್ಬರಿನಿಂದ ಉಜ್ಜಿದೆ, ಕೇಬಲ್ ಬದಲಿಸಿದೆ, ಮಾನಿಟರ್ ಬದಲಿಸಿದೆ. ಮಧ್ಯಾಹ್ನದ ರೊಟ್ಟಿ ಆರಿ ಹಪ್ಪಳವಾಯಿತು. ಸಂಜೆ ಡಬ್ಬಿಯನ್ನು ಕನ್ನಡಕ ಹಾಕಿಕೊಂಡು ಓದಿದಾಗ ತಿಳಿಯಿತು. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಇದ್ದರೆ ಗ್ರಾಫಿಕ್ಸ್ ಇಲ್ಲ ಅಂತ! ಬೋರ್ಡ್ ಹಿಂದೆ ಎಚ್‌ಡಿಎಂಐ ತೂತು ಇದ್ದರೂ ಅದಕ್ಕೆ ಜೀವ ಇರುವುದಿಲ್ಲ.

ಆ ವರ್ಷ ಗ್ರಾಫಿಕ್ಸ್ ಕಾರ್ಡಿಗೆ ಎಲ್ಲ ಕಡೆ ಬರ. ಕೊನೆಗೆ ಹಳೇ ಜಿಟಿ 710 ಒಂದು ಸಿಕ್ಕಿತು. ಉಳಿಸಿದ್ದಕ್ಕಿಂತ ಜಾಸ್ತಿ ಅದಕ್ಕೇ ಹೋಯಿತು. ಸಾಲದ್ದಕ್ಕೆ, ಯೂಟ್ಯೂಬ್ ಈಗ ಜಾಸ್ತಿ ಬಳಸುವ ವಿಪಿ9, ಎವಿ1 ಬಗೆಯಲ್ಲಿ ಕುಗ್ಗಿಸಿಟ್ಟ ವಿಡಿಯೊ ಬಿಡಿಸುವುದು ಆ ಕಾರ್ಡಿಗೆ ಬರುವುದಿಲ್ಲ. ಹೊರೆಯೆಲ್ಲ ಪ್ರೊಸೆಸರ್ ಮೇಲೆ. ನಮ್ಮ ಊರಿನ ಮೇ ತಿಂಗಳು ನಿಮಗೆ ಗೊತ್ತಲ್ಲ, 40 ದಾಟಿದ ಬಿಸಿಲು. ವಿಡಿಯೊ ಹಾಕಿದರೆ ಫ್ಯಾನ್ ಹಿಟ್ಟಿನ ಗಿರಣಿ ಥರ ಕೂಗುತ್ತಿತ್ತು. ಎಫ್ ಇಲ್ಲದ 10400ರ ಒಳಗಿನ ಯುಎಚ್‌ಡಿ 630 ವಿಪಿ9 ಅನ್ನು ಸಲೀಸಾಗಿ ಬಿಡಿಸುತ್ತದೆ. ಅಂದರೆ ದುಡ್ಡು ಕೊಟ್ಟು ಅದಕ್ಕಿಂತ ಕಳಪೆಯದನ್ನು ತಂದಿದ್ದೆ.

ಎಎಂಡಿಯಲ್ಲಿ ಲೆಕ್ಕ ಉಲ್ಟಾ. ರೈಜೆನ್ 5 5600ರಲ್ಲಿ ಗ್ರಾಫಿಕ್ಸ್ ಇಲ್ಲ, 5600ಜಿಯಲ್ಲಿ ಇದೆ. 7000ದ ಸಾಲಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಮಾತ್ರ ಬಹುತೇಕ ಎಲ್ಲದರಲ್ಲೂ ಚಿಕ್ಕದೊಂದು ಗ್ರಾಫಿಕ್ಸ್ ಇದೆ, 7500ಎಫ್ ಥರದ್ದನ್ನು ಬಿಟ್ಟು. ಸಿಕಂದರಾಬಾದಿಗೆ ಹೋಗಿ ಸಾಮಾನು ತರುವವರು ಚೀಟಿಯಲ್ಲಿ ಅಕ್ಷರ ಸಮೇತ ಬರೆದುಕೊಂಡು ಹೋಗಿ.

ಹಾಗಾದರೆ ಕಾರ್ಡ್ ಯಾರಿಗೆ ಬೇಕು? ನನ್ನ ಅಳಿಯ ಮದುವೆ ವಿಡಿಯೊ ಎಡಿಟ್ ಮಾಡುತ್ತಾನೆ, ಡಾವಿಂಚಿ ರಿಸಾಲ್ವ್‌ನಲ್ಲಿ. ಆ ಸಾಫ್ಟ್‌ವೇರ್ ನಡೆಯುವುದೇ ಜಿಪಿಯು ಮೇಲೆ, ಅವನಿಗೆ ಬೇಕು. ಬ್ಲೆಂಡರ್‌ನಲ್ಲಿ ಆನಿಮೇಷನ್ ಮಾಡುವವರಿಗೆ, ಕಟ್ಟಡದ 3ಡಿ ನಕ್ಷೆ ಮಾಡುವ ಎಂಜಿನಿಯರಿಗೆ, ಎಐ ಮಾಡೆಲ್‌ಗಳನ್ನು ಮನೆಯಲ್ಲೇ ಓಡಿಸಿ ನೋಡುವ ಹುಡುಗರಿಗೆ ಬೇಕು. ಮೂರು ನಾಲ್ಕು ಮಾನಿಟರ್ ಇಡುವವರಿಗೂ ಬೇಕಾಗಬಹುದು. ನುಡಿಯಲ್ಲಿ ಟೈಪಿಂಗ್, ಫೋಟೋಶಾಪ್‌ನಲ್ಲಿ ಲಗ್ನಪತ್ರಿಕೆ, ಆನ್‌ಲೈನ್ ಕ್ಲಾಸ್, ಸಿನಿಮಾ, ಇವಕ್ಕೆ ಸುಮ್ನೆ ದಂಡ.

4ಕೆ ಮಾನಿಟರ್ ತಂದವರು ಒಂದು ನೋಡಬೇಕು. ಬೋರ್ಡಿನ ಎಚ್‌ಡಿಎಂಐ 1.4 ಆಗಿದ್ದರೆ 4ಕೆಯಲ್ಲಿ ಸೆಕೆಂಡಿಗೆ 30 ಚಿತ್ರ ಮಾತ್ರ. ಮೌಸ್ ಎಳೆದರೆ ತೊಡರಿದ ಹಾಗೆ ಕಾಣುತ್ತದೆ. ಪಕ್ಕದಲ್ಲಿ ಡಿಸ್‌ಪ್ಲೇಪೋರ್ಟ್ ಇದ್ದರೆ ಅದಕ್ಕೆ ಹಾಕಿ, 60 ಬರುತ್ತದೆ.

ಕಾರ್ಡ್ ಬೇಕೇ ಬೇಕು ಅಂತ ಗಟ್ಟಿಯಾದರೆ ಮೊದಲು ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿನ ಒಳಗೆ ಕರೆಂಟ್ ಹಂಚುವ ಡಬ್ಬಿ, ನೋಡಿ. ಬೋರ್ಡಿನ ಸ್ಲಾಟ್ ಕೊಡುವುದು 75 ವ್ಯಾಟ್. ಜಿಟಿ 1030 ಥರದ್ದು 30ರಲ್ಲಿ ಮುಗಿಸುತ್ತದೆ. ಆರ್‌ಟಿಎಕ್ಸ್ 3060ಕ್ಕೆ 170 ಬೇಕು, ಎಸ್‌ಎಂಪಿಎಸ್‌ನಿಂದ ಬೇರೆ ವೈರ್ ಎಳೆಯಬೇಕು. ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದ ಎಸ್‌ಎಂಪಿಎಸ್ ನಂಬಬೇಡಿ. ಕರೆಂಟ್ ಹೋದಾಗ ಮನೆಯ ಯುಪಿಎಸ್ ಕೂಡ ಈ ಹೊರೆ ಹೊರಬೇಕು. 600 ವಿಎ ಅಂತ ಬರೆದಿರುವುದು ಸಾಮಾನ್ಯವಾಗಿ 360 ವ್ಯಾಟ್ ಅಷ್ಟೇ. ಕಾರ್ಡ್ ಕೂರಿಸಿದ ಮೇಲೆ ಮಾನಿಟರ್ ವೈರನ್ನು ಕಾರ್ಡಿಗೇ ಚುಚ್ಚಿ, ಬೋರ್ಡಿಗಲ್ಲ. ನಗಬೇಡಿ, ಕಾರ್ಡ್ ಹಾಕಿಸಿ ತಿಂಗಳುಗಟ್ಟಲೆ ಹಳೇ ತೂತಿನಿಂದಲೇ ಚಿತ್ರ ನೋಡಿದವರ ಮನೆಯಲ್ಲಿ ನಾನು ಚಹಾ ಕುಡಿದಿದ್ದೇನೆ.

ಎರಡು ವರ್ಷದ ಮೇಲೆ ಎಫ್ ಇಲ್ಲದ 10400 ಸೆಕೆಂಡ್ ಹ್ಯಾಂಡ್ ಸಿಕ್ಕಿತು, ಹಾಕಿಕೊಂಡೆ. ಆ ಜಿಟಿ 710 ಈಗ ಟೇಬಲ್ ಡ್ರಾದಲ್ಲಿದೆ. ಯಾರಾದರೂ 'ಪರದೆ ಬರ್ತಿಲ್ರಿ' ಅಂದರೆ ಪರೀಕ್ಷೆ ಮಾಡಲು ಜೇಬಿಗೆ ಹಾಕಿಕೊಂಡು ಹೋಗುತ್ತೇನೆ.