ಕಲಿಕೆಗೊಂದು ಕಿರ್ದಿ: ಕಲಬುರಗಿ ಬಿಸಿಲಿಗೆ ಹೊಂದುವ 90 ದಿನಗಳ ಲೆಕ್ಕ

ಕಲಬುರಗಿಯ ನೆಹರು ಗಂಜಿನ ಅಡತಿ ಅಂಗಡಿಯಲ್ಲಿ ತೊಗರಿ ಚೀಲ ಇಳಿದ ಕೂಡಲೇ ಅದು ಕಿರ್ದಿಗೆ, ಅಂದರೆ ದಿನದ ಲೆಕ್ಕದ ಪುಸ್ತಕಕ್ಕೆ, ಏರುತ್ತದೆ. ರಾತ್ರಿ ನೆನಪು ಮಾಡಿಕೊಂಡು ಬರೆದರಾಯಿತು ಅಂತ ಯಾವ ಮುನೀಮನೂ ಬಿಡುವುದಿಲ್ಲ. ಆಮೇಲೆ ಕಿರ್ದಿಯಿಂದ ಖತಾವಣಿ, ಅಂದರೆ ಲೆಕ್ಕವನ್ನು ಒಬ್ಬೊಬ್ಬರ ಖಾತೆಗೆ ಹಂಚಿ ಬರೆಯುವುದು, ಆಗುತ್ತದೆ. ಯಾರ ಬಾಕಿ ಎಷ್ಟು, ಎಲ್ಲಿ ಸೋರಿತು ಅನ್ನೋದು ಆಗ ಕಣ್ಣಿಗೆ ಬೀಳುತ್ತದೆ. ರೊಕ್ಕದ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾಗಿರುವ ಜನ, ತಮ್ಮ ಮೇಲೆ ತಾವೇ ಹಾಕಿಕೊಳ್ಳುವ ಬಂಡವಾಳದ ಮಾತು ಬಂದರೆ ಮಾತ್ರ ಬಾಯಿಲೆಕ್ಕಕ್ಕೆ ಇಳಿಯುತ್ತಾರೆ. ‘ಈ ವರ್ಷ ಇಂಗ್ಲಿಷ್ ಸುಧಾರಿಸಬೇಕ್ರಿ’, ‘ಕಂಪ್ಯೂಟರ್ ಕಲಿಬೇಕ್ರಿ’. ಯುಗಾದಿಗೆ ಆಡಿದ ಮಾತು ದೀಪಾವಳಿಗೂ ಅದೇ ಜಾಗದಲ್ಲಿ ಕೂತಿರುತ್ತದೆ.

ಇಲ್ಲಿ ಹೇಳುವ ಕ್ರಮಕ್ಕೆ ಬೇಕಾದದ್ದು 100 ಪುಟದ ಒಂದು ನೋಟ್‌ಬುಕ್, ಒಂದು ಪೆನ್ನು, ದಿನಕ್ಕೆ ಅರ್ಧ ತಾಸು. ಅವಧಿ 90 ದಿನ.

ಮೊದಲ ಪುಟದಲ್ಲಿ ಒಂದೇ ಸಾಲು

ಏನು ಕಲಿಯಬೇಕು ಅನ್ನೋದನ್ನು ಮೂರನೆಯವರು ಬಂದು ‘ಆಯ್ತು’ ಅಥವಾ ‘ಆಗಿಲ್ಲ’ ಅಂತ ಹೇಳಬಹುದಾದ ಹಾಗೆ ಬರೆಯಿರಿ. ‘ಇಂಗ್ಲಿಷ್ ಸುಧಾರಿಸಬೇಕು’ ಅನ್ನುವುದನ್ನು ಯಾರೂ ಪರೀಕ್ಷಿಸಲಾರರು. ‘90ನೇ ದಿನ ಕಾಗದ ನೋಡದೆ, ಗೊತ್ತಿಲ್ಲದವರ ಜೊತೆ ಫೋನಿನಲ್ಲಿ 5 ನಿಮಿಷ ಇಂಗ್ಲಿಷಿನಲ್ಲಿ ಮಾತಾಡುತ್ತೇನೆ’ ಅಂದರೆ ಪರೀಕ್ಷಿಸಬಹುದು. ಹೊಲಿಗೆ ಆದರೆ: ‘ಅಳತೆ ತೆಗೆಯುವುದರಿಂದ ಗುಂಡಿ ಹಚ್ಚುವವರೆಗೆ ಯಾರನ್ನೂ ಕೇಳದೆ ಒಂದು ರವಿಕೆ’. ಅಂಗಡಿ ಲೆಕ್ಕ ಆದರೆ: ‘ಒಂದು ತಾಸಿನಲ್ಲಿ 40 ಬಿಲ್ಲು, ತಪ್ಪಿಲ್ಲದೆ, ಟ್ಯಾಲಿಯಲ್ಲಿ’ (ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ತಂತ್ರಾಂಶ).

ಒಂದೇ ಸಾಲು. ಎರಡನೇ ಆಸೆ ನೋಟ್‌ಬುಕ್ಕಿನ ಕೊನೆಯ ಪುಟಕ್ಕೆ ಹೋಗಲಿ, ಅದರ ಪಾಳಿ ಮುಂದಿನ 90 ದಿನಕ್ಕೆ. ಇಂಗ್ಲಿಷ್, ಯೋಗ, ಷೇರು ಮಾರ್ಕೆಟ್ ಮೂರನ್ನೂ ಒಟ್ಟಿಗೆ ಹಿಡಿದವರ ಕೈಯಲ್ಲಿ ಮೂರನೇ ವಾರಕ್ಕೆ ಒಂದೂ ಇರುವುದಿಲ್ಲ. ಕಾರಣ ಸರಳ. ಪ್ರತಿ ಸಂಜೆ ‘ಇವತ್ತು ಯಾವುದು ಮಾಡಲಿ’ ಅಂತ ತೀರ್ಮಾನಿಸುವುದರಲ್ಲೇ ಹೊತ್ತು ಹೋಗುತ್ತದೆ.

ಇಲ್ಲೊಂದು ಅಡ್ಡಮಾತು. ನಮ್ಮ ಕಡೆ ‘ನನಗೆ ಭಾಷೆ ಹತ್ತಂಗಿಲ್ಲ’ ಅನ್ನುವವರು ಬಹಳ. ಹೀಗೆ ಹೇಳುವವರೇ ಗಿರಾಕಿ ಜೊತೆ ಕನ್ನಡದಲ್ಲಿ ಚೌಕಾಶಿ ಮಾಡಿ, ಪಕ್ಕದ ಅಂಗಡಿಯವನಿಗೆ ದಖನಿ ಉರ್ದುವಿನಲ್ಲಿ ಉತ್ತರ ಕೊಟ್ಟು, ತಾಂಡೂರಿನಿಂದ ಬಂದವರಿಗೆ ತೆಲುಗಿನಲ್ಲಿ ದರ ಹೇಳುತ್ತಾರೆ. ಬೀದರಿನಲ್ಲಿ ಇದಕ್ಕೆ ಮರಾಠಿಯೂ ಸೇರುತ್ತದೆ. ಈ ಭಾಷೆಗಳು ವ್ಯಾಕರಣ ಓದಿ ಬಂದವಲ್ಲ. ದಿನವೂ ಬೇಕಾಯಿತು, ತಪ್ಪಿದರೆ ಯಾರೂ ನಗಲಿಲ್ಲ, ಹಾಗಾಗಿ ಬಂದವು. ಇಂಗ್ಲಿಷಿಗೆ ಕೊರತೆ ಇರುವುದು ಇವೆರಡರದ್ದೇ: ದಿನದ ಬಳಕೆ, ಮತ್ತು ತಪ್ಪಬಹುದಾದ ಜಾಗ.

ಯಾವ ಹೊತ್ತು: ಗಡಿಯಾರಕ್ಕಿಂತ ಮಾಳಿಗೆಯನ್ನು ಕೇಳಿ

ಬೇರೆ ಊರಿನವರು ಬರೆದ ವೇಳಾಪಟ್ಟಿ ಇಲ್ಲಿ ಸೋಲುವುದು ಹೆಚ್ಚಾಗಿ ಈ ಜಾಗದಲ್ಲೇ. ‘ಕೆಲಸದಿಂದ ಬಂದು 7ರಿಂದ 8 ಓದಿ’ ಅನ್ನುವುದು ಬೆಂಗಳೂರಿಗೆ ಸರಿ. ಕಲಬುರಗಿ, ಯಾದಗಿರಿಯಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ. ಅದಕ್ಕಿಂತ ಮುಖ್ಯ, ಹಗಲೆಲ್ಲ ಕಾದ ಸ್ಲ್ಯಾಬು, ಶಹಾಬಾದ್ ಫರಸಿ ಹಾಸಿದ ಮಾಳಿಗೆ, ಹೊತ್ತು ಮುಳುಗಿದ ಮೇಲೆ ಆ ಜಳವನ್ನು ಕೆಳಗಿನ ಕೋಣೆಗೆ ಬಿಡುತ್ತಲೇ ಇರುತ್ತವೆ. ಹೊರಗೆ ಗಾಳಿ ತಣ್ಣಗಾದರೂ ಸಂಜೆ 7ರಿಂದ 9ರವರೆಗೆ ಮೇಲ್ಮಾಳಿಗೆಯ ಕೋಣೆ ಒಲೆಯ ಹಾಗೆ. ಅಲ್ಲಿ ಕೂತು ತಲೆಗೆ ಹತ್ತದಿದ್ದರೆ ಅದು ನಿಮ್ಮ ಸೋಮಾರಿತನ ಅಲ್ಲ.

ಬೇಸಿಗೆಯಲ್ಲಿ ಹೊಸದನ್ನು ಕಲಿಯುವ ಕೆಲಸ ನಸುಕಿಗೆ ಇರಲಿ: 5:30ರಿಂದ 6:15. ಮೇ ತಿಂಗಳಲ್ಲಿ ಆರರೊಳಗೆ ಬೆಳಕಾಗುತ್ತದೆ, ಮಾಳಿಗೆಯೂ ಅಷ್ಟರಲ್ಲಿ ಆರಿರುತ್ತದೆ. ಇದಕ್ಕೆ ರಾತ್ರಿ 10ರೊಳಗೆ ಮಲಗಲೇಬೇಕು. ನಿದ್ದೆ ಕಡಿದು ನಸುಕಿಗೆ ಎದ್ದರೆ ಐದಾರು ದಿನ ನಡೆಯುತ್ತದೆ, ಆಮೇಲೆ ಎರಡೂ ಹೋಗುತ್ತವೆ. ಸಂಜೆ ಹೊತ್ತಿಗೆ ಹಗುರ ಕೆಲಸ ಇಟ್ಟುಕೊಳ್ಳಿ: ಕೇಳುವುದು, ಹಳೆಯದನ್ನು ತಿರುವಿ ಹಾಕುವುದು, ಅದೂ ಕೆಳಗಿನ ಮನೆಯಲ್ಲಿ ಅಥವಾ ಹೊರಗಿನ ಕಟ್ಟೆಯ ಮೇಲೆ. ಬೀದರಿನವರಿಗೆ ಸ್ವಲ್ಪ ರಿಯಾಯಿತಿ ಇದೆ. ಊರು ಎತ್ತರದಲ್ಲಿರುವುದರಿಂದ ರಾತ್ರಿ ಬೇಗ ತಣಿಯುತ್ತದೆ. ಮೇ ಕೊನೆಗೆ ಗಾಳಿ ಮಳೆ ಶುರುವಾದರೆ ಕರೆಂಟು ಹೋಗುವುದು ಇದ್ದದ್ದೇ. ಪಾಠವೆಲ್ಲ ಮೊಬೈಲಿನಲ್ಲೇ ಇದ್ದರೆ ಆ ಸಂಜೆ ಕೈಬಿಟ್ಟ ಹಾಗೆ. ವಾರಕ್ಕೆ ನಾಲ್ಕು ಪುಟ ಪ್ರಿಂಟ್ ತೆಗೆಸಿ ನೋಟ್‌ಬುಕ್ಕಿನೊಳಗೆ ಇಟ್ಟಿರಿ.

ವಾಡಿ, ಶಹಾಬಾದ್, ಯಾದಗಿರಿ ಕಡೆಯಿಂದ ದಿನಾ ರೈಲಿಗೆ ಓಡಾಡುವವರು ಪ್ರಯಾಣವನ್ನು ಕೇಳುವುದಕ್ಕೆ ಇಟ್ಟುಕೊಳ್ಳಿ. ಕುಲುಕಾಟದಲ್ಲಿ, ಗದ್ದಲದಲ್ಲಿ ಓದುವುದು ಕಣ್ಣಿಗೂ ತ್ರಾಸು, ನೆನಪಿಗೂ ನಿಲ್ಲದು.

ಎಷ್ಟು: ತಳ 10, ಮೇಲ್ಮಿತಿ 50

ಪ್ರತಿದಿನ ಕನಿಷ್ಠ 10 ನಿಮಿಷ, ಹೆಚ್ಚೆಂದರೆ 50. ಮೇಲ್ಮಿತಿಯನ್ನು ಜನ ಲಘುವಾಗಿ ತೆಗೆದುಕೊಳ್ಳುತ್ತಾರೆ, ಮುರಿಯುವುದು ಅಲ್ಲೇ. ಮೊದಲ ವಾರದ ಹುರುಪಿನಲ್ಲಿ ದಿನಕ್ಕೆ ಮೂರು ತಾಸು ಕೂತವರಿಗೆ ಎರಡನೇ ವಾರ ಅರ್ಧ ತಾಸು ಅಂದರೆ ಕಡಿಮೆ ಅನಿಸುತ್ತದೆ, ‘ಇಷ್ಟೇ ಆದರೆ ಯಾಕೆ’ ಅಂತ ಅದನ್ನೂ ಬಿಡುತ್ತಾರೆ. ಇನ್ನೂ ಕೂರಬೇಕು ಅನಿಸುವಾಗಲೇ ಎದ್ದುಬಿಡಿ.

21 ದಿನದಲ್ಲಿ ಅಭ್ಯಾಸ ಕೂರುತ್ತದೆ ಅನ್ನುವ ಮಾತನ್ನು ನಂಬಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು 12 ವಾರ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಕೆಲಸ ತಾನಾಗಿ ನಡೆಯುವ ಹಂತಕ್ಕೆ ಬರಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18, ಕೆಲವರಿಗೆ 254 ದಿನದ ಅಂದಾಜು. ಅದರಲ್ಲೇ ಇನ್ನೊಂದು ಸಂಗತಿ ಇದೆ: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಹಾಳಾಗುವುದಿಲ್ಲ. 22ನೇ ದಿನ ಇನ್ನೂ ಬೇಸರವಾಗುತ್ತಿದ್ದರೆ ನಿಮ್ಮಲ್ಲೇನೂ ಕೊರತೆ ಇಲ್ಲ, ಹೊತ್ತು ಇನ್ನೂ ಇದೆ ಅಷ್ಟೆ.

ಹೊಸ ಕೆಲಸವನ್ನು ದಿನವೂ ಹೇಗಿದ್ದರೂ ಆಗುವ ಒಂದು ಕೆಲಸದ ಬಾಲಕ್ಕೆ ಕಟ್ಟಿ. ‘ಮುಂಜಾನೆ ಓದುತ್ತೇನೆ’ ಅಂದರೆ ಸಾಲದು. ‘ನಳದ ನೀರು ತುಂಬಿ ಮುಗಿದ ಮೇಲೆ’ ಅನ್ನೋಣವೆಂದರೆ, ನೀರು ದಿನವೂ ಬಾರದ ಓಣಿಯಲ್ಲಿ ಅದೂ ಆಗದು. ಚಹಾ ಮಾತ್ರ ತಪ್ಪುವುದಿಲ್ಲ. ಚಹಾದ ಕಪ್ಪು ತೊಳೆದಿಟ್ಟ ಕೈಯಲ್ಲೇ ನೋಟ್‌ಬುಕ್ ತೆರೆಯಿರಿ.

ಕಿರ್ದಿ ಹಾಕುವ ರೀತಿ

ನೋಟ್‌ಬುಕ್ಕಿನ ಎರಡು ಎದುರುಬದುರು ಪುಟಕ್ಕೆ ಒಂದು ವಾರ. ಐದು ಅಂಕಣ ಗೀಟು ಹೊಡೆಯಿರಿ: ತಾರೀಖು, ನಿಮಿಷ, ಮಾಡಿದ್ದು, ತಪ್ಪಿದ್ದು, ನಾಳೆಯ ಮೊದಲ ಕೆಲಸ. ಒಂದು ದಿನದ ಸಾಲು ಹೀಗಿರುತ್ತದೆ:

12, ಮಂಗಳವಾರ. 25 ನಿಮಿಷ. ಫೋನಿನಲ್ಲಿ ದೂರು ಕೊಡುವ ಮಾತು, ಮೂರು ಸಲ ರೆಕಾರ್ಡ್. ‘ಡಿಡ್’ ಆದ ಮೇಲೂ ‘ವೆಂಟ್’ ಅಂದೆ, ನಾಲ್ಕು ಕಡೆ. ನಾಳೆ: ‘ಡಿಡ್’ ಹಾಕಿ ಹತ್ತು ಪ್ರಶ್ನೆ ಬಾಯಲ್ಲಿ.

ಎದ್ದೇಳುವ ಮುಂಚೆ ಬರೆಯಬೇಕು. ರಾತ್ರಿ ನೆನಪಿನಿಂದ ಬರೆದರೆ 15 ನಿಮಿಷ 40 ಆಗುತ್ತದೆ. ಬರೀ ಟಿಕ್ ಗುರುತು ಬೇಡ. ಟಿಕ್ ಹಾಕುವುದು ರೂಢಿಯಾದರೆ ಕೆಲಸ ಆಗದಿದ್ದರೂ ಟಿಕ್ ಬೀಳುತ್ತದೆ. ಐದನೇ ಅಂಕಣವೇ ಎಲ್ಲಕ್ಕಿಂತ ಬೆಲೆಯುಳ್ಳದ್ದು. ನಾಳೆ ಕೂತಾಗ ಮೊದಲ ಐದು ನಿಮಿಷ ‘ಎಲ್ಲಿಂದ ಶುರು ಮಾಡಲಿ’ ಅಂತ ಮೊಬೈಲ್ ತಿರುವುವುದು ಅದರಿಂದಲೇ ತಪ್ಪುತ್ತದೆ.

ಭಾನುವಾರ 20 ನಿಮಿಷ ಖತಾವಣಿ. ವಾರದ ಒಟ್ಟು ನಿಮಿಷ ಕೂಡಿಸಿ. ‘ತಪ್ಪಿದ್ದು’ ಅಂಕಣವನ್ನು ಮೇಲಿನಿಂದ ಕೆಳಗೆ ಓದಿ, ಎರಡಕ್ಕಿಂತ ಹೆಚ್ಚು ಸಲ ಬಂದ ತಪ್ಪಿಗೆ ಸುತ್ತು ಹಾಕಿ. ಮುಂದಿನ ವಾರ ಅದೊಂದೇ. ನಿಮಿಷ ಏರುತ್ತಿದ್ದು ತಪ್ಪು ಅದೇ ಇದ್ದರೆ ನೀವು ಬಲ್ಲದ್ದನ್ನೇ ಮತ್ತೆ ಮತ್ತೆ ಮಾಡುತ್ತಿದ್ದೀರಿ. ದುಡಿಮೆ ಇದೆ, ಬಡ್ಡಿ ಹುಟ್ಟುತ್ತಿಲ್ಲ.

ರೊಟ್ಟಿಯ ಅಂಚು

ಜೋಳದ ರೊಟ್ಟಿ ಬಡಿಯುವುದನ್ನು ಯಾವ ಕೋರ್ಸೂ ಇಲ್ಲದೆ ಮನೆಯಲ್ಲೇ ಕಲಿಯುತ್ತಾರೆ, ಯಾಕೆ ಅಂತ ಪರಾತದ ಮುಂದೆ ಕೂತು ನೋಡಿ. ಜೋಳದಲ್ಲಿ ಗೋದಿಯ ಅಂಟು ಇಲ್ಲ. ಕುದಿಯುವ ಎಸರು ಹೊಯ್ದರೆ ಹಿಟ್ಟಿನ ಪಿಷ್ಟ ಬೆಂದು ಜಿಗಿ ಬರುತ್ತದೆ, ಆ ಜಿಗಿಯೇ ರೊಟ್ಟಿಯನ್ನು ಹಿಡಿದಿಡುವುದು. ನೀರು ಆರಿತ್ತೋ, ನಾದಿದ್ದು ಸಾಲದಾಯಿತೋ, ಹಿಟ್ಟು ಬೀಸಿಸಿ ಬಹಳ ದಿನವಾಗಿತ್ತೋ, ಎರಡನೇ ಸುತ್ತಿಗೇ ಅಂಚು ಬಿರಿಯುತ್ತದೆ. ತಪ್ಪು ಆದ ಕ್ಷಣಕ್ಕೇ, ಆದ ಜಾಗದಲ್ಲೇ ಕಾಣುತ್ತದೆ. ಉಂಡೆ ಮತ್ತೆ ಕೂಡಿಸಿ, ಕೈ ಒದ್ದೆ ಮಾಡಿ ನಾದಿ ಇನ್ನೊಂದು ಸಲ ಬಡಿಯಬಹುದು. ನಷ್ಟ ಇಲ್ಲ.

ನೀವು ಕಲಿಯುವುದಕ್ಕೂ ಇಂಥ ಅಂಚು ಬೇಕು. ಪುಸ್ತಕ ಓದಿ ಅಡಿಗೆರೆ ಎಳೆಯುವುದಕ್ಕೆ ಅಂಚಿಲ್ಲ. ಎಲ್ಲ ಗೊತ್ತಿದ್ದ ಹಾಗೇ ಅನಿಸುತ್ತದೆ. ಪುಸ್ತಕ ಮುಚ್ಚಿ, ಖಾಲಿ ಹಾಳೆಯ ಮೇಲೆ ನೆನಪಿದ್ದಷ್ಟು ಬರೆದು, ಆಮೇಲೆ ತೆರೆದು ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ತುಂಬಿ. ಆ ಕೆಂಪೇ ಬಿರುಕು. ಮಾತಾಡುವುದಾದರೆ ಎರಡು ನಿಮಿಷ ರೆಕಾರ್ಡ್ ಮಾಡಿ ತಕ್ಷಣ ಕೇಳಿ. ಮೊದಲ ವಾರ ತಮ್ಮ ದನಿ ಕೇಳಲು ಯಾರಿಗೂ ಹಿತವಲ್ಲ, ಅದು ಹೋಗುತ್ತದೆ. ಟೈಪಿಂಗ್, ಲೆಕ್ಕ, ಹೊಲಿಗೆಗೆ ಹೊತ್ತು ಗುರುತಿಸಿ, ತಪ್ಪು ಎಣಿಸಿ.

ಕಲಿತದ್ದು ಬೇಗ ಜಾರುತ್ತದೆ, ಅದೂ ಮೊದಲ ದಿನವೇ ಹೆಚ್ಚು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಷ್ಟು ಹಿಂದೆಯೇ ತಮ್ಮ ಮೇಲೇ ಪ್ರಯೋಗ ಮಾಡಿ ಇದನ್ನು ಅಳೆದಿದ್ದರು. ಅದಕ್ಕೆ ಒಂದು ಪಾಠವನ್ನು ಕಲಿತ ಮಾರನೇ ದಿನ, 3ನೇ ದಿನ, 7ನೇ ದಿನ, 21ನೇ ದಿನ ಪುಸ್ತಕ ಮುಚ್ಚಿ ಒಮ್ಮೆ ನೆನಪಿಸಿಕೊಳ್ಳಿ. ಒಂದು ಸಲಕ್ಕೆ ಐದು ನಿಮಿಷ ಸಾಕು. ಆ ತಾರೀಖುಗಳನ್ನು ಕಿರ್ದಿಯ ಮುಂದಿನ ಪುಟಗಳಲ್ಲಿ ಪೆನ್ಸಿಲಿನಿಂದ ಇವತ್ತೇ ಬರೆದುಬಿಡಿ.

ರೊಕ್ಕ ಮತ್ತು ಮಂದಿ

ತಿಂಗಳ ಗಳಿಕೆಯ ನೂರಕ್ಕೆ 3ರಿಂದ 5 ಇದಕ್ಕೆ ತೆಗೆದಿಡಿ. 15,000 ಬಂದರೆ 450ರಿಂದ 750. ಖರ್ಚಿನ ಕ್ರಮ ಮುಖ್ಯ: ನೋಟ್‌ಬುಕ್, ಗ್ರಂಥಾಲಯದ ಸದಸ್ಯತ್ವ, ಒಂದೇ ಪುಸ್ತಕ (ಹಳೆಯದಾದರೂ ಸರಿ), ಪರೀಕ್ಷಾ ಶುಲ್ಕ, ಕಟ್ಟಕಡೆಗೆ ಕ್ಲಾಸು. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರವನ್ನು ಮೊದಲು ನೋಡಿ ಬನ್ನಿ. ಕೇಂದ್ರ ಸರ್ಕಾರದ ‘ಸ್ವಯಂ’ ಎಂಬ ಆನ್‌ಲೈನ್ ಕಲಿಕೆಯ ತಾಣದ ಕೋರ್ಸುಗಳನ್ನು ಕಲಿಯಲು ರೊಕ್ಕ ಇಲ್ಲ, ಪ್ರಮಾಣಪತ್ರಕ್ಕೆ ಪರೀಕ್ಷೆ ಬರೆಯುವುದಾದರೆ ಮಾತ್ರ ಶುಲ್ಕ. ಕೋಚಿಂಗಿಗೆ ಸೇರಲೇಬೇಕಾದರೆ 30 ದಿನದ ಕಿರ್ದಿ ತುಂಬಿದ ಮೇಲೆ ಸೇರಿ, ಮೂರು ಪಾಠ ಕೂತು ಕೇಳಿ, ಕಂತಿನಲ್ಲಿ ಕಟ್ಟಿ, ರಸೀದಿ ತಗೊಳ್ಳಿ. ಪೂರಾ ಫೀಸು ಮುಂಗಡ ಕಟ್ಟಿದರೆ ‘ಕಟ್ಟಿದ ರೊಕ್ಕಕ್ಕಾದರೂ ಹೋಗುತ್ತೇನೆ’ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹೋಗುವುದಿಲ್ಲ.

ಸರ್ಕಾರಿ ನೌಕರಿಗೆ ಓದುವವರು 371ಜೆ (ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ಮೀಸಲಾತಿಗೆ ಅವಕಾಶ ಕೊಡುವ ಸಂವಿಧಾನದ ವಿಧಿ) ಅರ್ಹತಾ ಪ್ರಮಾಣಪತ್ರವನ್ನು ಅರ್ಜಿ ಕರೆಯುವ ಮೊದಲೇ ಮಾಡಿಸಿಟ್ಟುಕೊಳ್ಳಿ. ಕೊಡುವವರು ಉಪವಿಭಾಗದ ಸಹಾಯಕ ಆಯುಕ್ತರು. ನಮ್ಮ ಭಾಗದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80 ಸ್ಥಳೀಯರಿಗೆ ಮೀಸಲು. ಕೊನೆಯ ವಾರ ಕಚೇರಿಗೆ ಅಲೆಯುವುದರಲ್ಲಿ ಓದಿನ ದಿನಗಳೇ ಕರಗುತ್ತವೆ. ‘ಹಿಂದುಳಿದ ಭಾಗ’ ಅನ್ನುವ ಮಾತು ಆ ಅರ್ಜಿಯ ಮಟ್ಟಿಗೆ ಇರಲಿ, ಮುಂಜಾನೆಯ ಅರ್ಧ ತಾಸಿಗೆ ಅದನ್ನು ಕರೆತರಬೇಡಿ.

ಮಂದಿಯ ವಿಷಯ ಸಣ್ಣದು. ವಾಟ್ಸ್ಆಪ್ ಸ್ಟೇಟಸ್‌ನಲ್ಲಿ ಸಾರಬೇಡಿ. ಹೊಗಳಿಕೆ ಮೊದಲೇ ಸಿಕ್ಕರೆ ಕೆಲಸದ ಹಸಿವು ಕಡಿಮೆಯಾಗುತ್ತದೆ. ಒಬ್ಬರಿಗೆ ಮಾತ್ರ ಭಾನುವಾರ ಕಿರ್ದಿ ತೋರಿಸಿ. ಅವರಿಗೆ ನಿಮ್ಮ ವಿಷಯ ಗೊತ್ತಿರಬೇಕಾಗಿಲ್ಲ, ಖಾಲಿ ಸಾಲು ಕಂಡರೆ ‘ಇದ್ಯಾಕ ಖಾಲಿ?’ ಅಂತ ಕೇಳುವ ಧೈರ್ಯ ಇರಬೇಕು. ಮೊಬೈಲ್ ಆ ಹೊತ್ತಿಗೆ ಬೇರೆ ಕೋಣೆಯಲ್ಲಿರಲಿ. ಮಗ್ಗುಲಲ್ಲಿ ಮಗುಚಿ ಇಟ್ಟರೂ ಕೈ ಹೋಗುತ್ತದೆ.

ಸುಗ್ಗಿ, ಜಾತ್ರೆ, ಖಾಲಿ ಸಾಲು

ಜೂನ್‌ನ ಬಿತ್ತನೆ, ಡಿಸೆಂಬರ್‌-ಜನವರಿಯ ತೊಗರಿ ರಾಶಿ, ಹೋಳಿಯ ಬೆನ್ನಿಗೆ ಶರಣಬಸವೇಶ್ವರರ ತೇರು, ಬಂದೇನವಾಜರ ಉರುಸು, ಮನೆಯ ಮದುವೆ. ಇವು ಬರುತ್ತವೆ ಅಂತ ಮೊದಲೇ ಗೊತ್ತು. ಆ ದಿನಗಳ ಸಾಲಿನಲ್ಲಿ ಈಗಲೇ ‘ತಳ’ ಅಂತ ಬರೆದಿಡಿ: ಆ ದಿನ 10 ನಿಮಿಷ ಮಾತ್ರ, ಹಳೆಯದನ್ನು ನೆನಪಿಸಿಕೊಳ್ಳುವುದು, ಹೊಸದೇನೂ ಬೇಡ. ಹೊಲದ ಬದುವಿನ ಮೇಲೆ ಕೂತು ಬಾಯಲ್ಲೇ ಮಾಡಬಹುದಾದಷ್ಟು.

ಅಷ್ಟೂ ಆಗದೆ ನಾಲ್ಕು ದಿನ, ಹತ್ತು ದಿನ ಬಿಟ್ಟುಹೋದರೆ ಜನ ಮಾಡುವ ತಪ್ಪು ಎರಡು. ಒಂದು, ಬಿಟ್ಟದ್ದನ್ನೆಲ್ಲ ಒಂದೇ ಭಾನುವಾರ ತುಂಬಲು ಆರು ತಾಸು ಕೂರುವುದು. ಎರಡು, ಒಂದನೇ ತಾರೀಖಿನಿಂದ ಹೊಸದಾಗಿ ಶುರು ಮಾಡುತ್ತೇನೆ ಅಂತ ಹೊಸ ನೋಟ್‌ಬುಕ್ ತರುವುದು. ಎರಡೂ ಬೇಡ. ಖಾಲಿ ಸಾಲುಗಳ ಮೇಲೆ ಕೆಂಪು ಪೆನ್ನಿನಿಂದ ಓರೆಯಾಗಿ ಒಂದು ಗೆರೆ ಎಳೆಯಿರಿ, ಪಕ್ಕದಲ್ಲಿ ಕಾರಣ ಒಂದೇ ಪದದಲ್ಲಿ ಬರೆಯಿರಿ: ‘ರಾಶಿ’, ‘ಜ್ವರ’, ‘ಬೇಸರ’. ಅದರ ಕೆಳಗಿನ ಸಾಲಿನಲ್ಲಿ ಇವತ್ತಿನ ತಾರೀಖು ಹಾಕಿ, ನಿಮಿಷದ ಅಂಕಣದಲ್ಲಿ 10.